ಕಿವಿಗೊಟ್ಟು ನೋಡಬೇಕಾದ ಚಿತ್ರಗಳು, ಕಂತುಗಳು

ಒಂದು ಚಿತ್ರ ಎಷ್ಟು ಗಟ್ಟಿ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಮಧ್ಯದ ಯಾವುದಾದರೂ ದೃಶ್ಯ ಹಾಕಿ, ಪರದೆಗೆ ಬೆನ್ನು ಮಾಡಿ ಎರಡು ನಿಮಿಷ ಕೇಳಿಸಿಕೊಳ್ಳಿ. ಮನೆಯ ಒಳಗೋ ಹೊರಗೋ, ಹಗಲೋ ರಾತ್ರಿಯೋ, ಮಾತಾಡುವವರ ನಡುವೆ ಎಷ್ಟು ದೂರ, ಮೇಲಿರುವುದು ಹಂಚೋ ತಾರಸಿಯೋ ಎಂಬುದು ಕಿವಿಗೇ ತಿಳಿದರೆ, ಆ ಚಿತ್ರ ಮಾಡಿದವರಿಗೆ ತಾವು ಎಲ್ಲಿ ನಿಂತಿದ್ದೇವೆ ಎಂಬ ಅರಿವಿತ್ತು. ಏನೂ ತಿಳಿಯದೆ ಬರೀ ಮಾತು ಮತ್ತು ಪಿಟೀಲು ಕೇಳಿಸಿದರೆ, ಅಲ್ಲಿ ಎಷ್ಟೇ ಚಂದದ ಬೆಟ್ಟ ತೋರಿಸಿದರೂ ಅದು ಪರದೆಯ ಮೇಲೆ ಬಿಡಿಸಿದ ಬೆಟ್ಟ. ನಮ್ಮ ಸಿನಿಮಾಗಳು ಗೆಲ್ಲುವುದು, ಎಡವುವುದು ಹೆಚ್ಚಾಗಿ ಈ ವಿಷಯದಲ್ಲೇ ಎಂದು ನಾನು ನಂಬಿದ್ದೇನೆ. ಕೆಳಗಿರುವುದೆಲ್ಲ ಆ ಕಡೆಯಿಂದ ನೋಡಿದ ಅಭಿಪ್ರಾಯಗಳು.

ಮೊದಲು ಡಬ್ಬಿಂಗ್ ವಿಷಯ. ಫಿಲ್ಮ್ ಕಾಲದಲ್ಲಿ ನಮ್ಮಲ್ಲಿ ಬಹಳ ಬಳಕೆಯಲ್ಲಿದ್ದ ಆರಿಫ್ಲೆಕ್ಸ್ 2ಸಿ ಥರದ ಕ್ಯಾಮೆರಾಗಳು ಓಡುವಾಗ ಜೋರಾಗಿ ಸದ್ದು ಮಾಡುತ್ತಿದ್ದವು. ಆ ಸದ್ದಿನ ನಡುವೆ ನಟರ ಮಾತನ್ನು ಶುದ್ಧವಾಗಿ ಹಿಡಿಯಲು ಸಾಧ್ಯವಿರಲಿಲ್ಲ. ಹಾಗಾಗಿ ಜಾಗದಲ್ಲಿ ಗುರುತಿಗೆ ಮಾತ್ರ ಒಂದು ಪೈಲಟ್ ಜಾಡು ಮುದ್ರಿಸಿಕೊಂಡು, ಆಮೇಲೆ ಸ್ಟುಡಿಯೋದಲ್ಲಿ ದೃಶ್ಯದ ತುಣುಕನ್ನು ಮತ್ತೆ ಮತ್ತೆ ಓಡಿಸುತ್ತ ತುಟಿಗೆ ಸರಿಯಾಗಿ ಮಾತು ಕೂರಿಸುತ್ತಿದ್ದರು. ಮೈಕು ಬಾಯಿಗೆ ಗೇಣು ದೂರದಲ್ಲಿ, ಗೋಡೆಗೆ ಸದ್ದು ಹೀರುವ ಹೊದಿಕೆ. ಪಾತ್ರ ಹೊಲದ ಆಚೆ ಬದಿಯಲ್ಲಿದ್ದರೂ ದನಿ ನಮ್ಮ ಕಿವಿಯ ಪಕ್ಕದಲ್ಲೇ ಇರುತ್ತದೆ. ಹೆಜ್ಜೆ ಸದ್ದು, ಬಟ್ಟೆ ಸರಿದ ಸದ್ದು, ಪಾತ್ರೆ ಇಟ್ಟ ಸದ್ದು ಎಲ್ಲವನ್ನೂ ಬೇರೆಯಾಗಿ ಮಾಡಿ ಸೇರಿಸಬೇಕು. ಸಮಯ, ದುಡ್ಡು ಕಡಿಮೆಯಾದಾಗ ಮೊದಲು ಕೈಬಿಡುವುದು ಇವನ್ನೇ. ಆ ಖಾಲಿ ಜಾಗವನ್ನು ಸಂಗೀತ ತುಂಬುತ್ತದೆ. ಹಳೆಯ ಚಿತ್ರಗಳಲ್ಲಿ ಸಂಗೀತ ಬಿಡುವಿಲ್ಲದೆ ಹರಿಯುವುದಕ್ಕೆ ಅಭಿರುಚಿಯಷ್ಟೇ ಈ ತಾಪತ್ರಯವೂ ಕಾರಣ.

ಈ ಮಿತಿಯೊಳಗೇ ಇದ್ದು ಗೆದ್ದ ಚಿತ್ರ 1977ರ ‘ಘಟಶ್ರಾದ್ಧ’. ಯು.ಆರ್. ಅನಂತಮೂರ್ತಿಯವರ ಕತೆ, ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ರಂಗಭೂಮಿಯಲ್ಲಿ ಯಾವ ವಸ್ತುವಿನಿಂದ ಬೇಕಾದರೂ ಸದ್ದು ಹೊರಡಿಸುತ್ತಿದ್ದ ಕಾರಂತರು ಇಲ್ಲಿ ಕೈ ಬಿಗಿ ಹಿಡಿದಿದ್ದಾರೆ. ಉಡುಪರ ಪಾಠಶಾಲೆಯ ಹುಡುಗರ ವೇದಘೋಷವೇ ಆ ಮನೆಯ ಗೋಡೆಯಂತೆ ನಿಲ್ಲುತ್ತದೆ. ಉಡುಪರ ವಿಧವೆ ಮಗಳು ಯಮುನೆಯ ಪಾಡು ಆ ಘೋಷದ ಒಳಗಿಲ್ಲ. ಅದು ನಿಂತ ಮೇಲಿನ ಮೌನದಲ್ಲಿ, ಪುಟ್ಟ ನಾಣಿಯ ಜೊತೆಗಿನ ತಗ್ಗಿದ ಮಾತಿನಲ್ಲಿದೆ. ಸದ್ದು ಮಾಡುವ ಹಕ್ಕು ಯಾರಿಗಿದೆ, ಯಾರಿಗಿಲ್ಲ ಎಂಬುದನ್ನೇ ಚಿತ್ರ ಕೇಳಿಸುತ್ತಿದೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಬುಡದಲ್ಲಿ ಕೂತ ಯಮುನೆಯ ಚಿತ್ರಿಕೆ (ಶಾಟ್) ಎಲ್ಲರ ನೆನಪಿನಲ್ಲೂ ಇದೆ. ಅಲ್ಲಿ ಅವಳಿಗೆ ಒಂದು ಮಾತನ್ನೂ ಕೊಡದಿರುವುದು ನಿರ್ದೇಶಕರ ಅತ್ಯಂತ ಗಟ್ಟಿ ನಿರ್ಧಾರ.

ಇದರ 4ಕೆ ಪುನರುಜ್ಜೀವಿತ ಪ್ರತಿ 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನವಾಯಿತು. ಆ ಪ್ರತಿ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಅಂತರ್ಜಾಲದಲ್ಲಿ ಹರಿದಾಡುವ ಹಳೆಯ ಪ್ರತಿಗಳ ದೊಡ್ಡ ತೊಂದರೆ ಚಿತ್ರದ ಮಸುಕಲ್ಲ, ಶಬ್ದದ ‘ಶುದ್ಧೀಕರಣ’. ಫಿಲ್ಮಿನ ಅಂಚಿನಲ್ಲೇ ಮುದ್ರಿಸಿದ ಹಳೆಯ ಮಾನೋ ಆಪ್ಟಿಕಲ್ ಶಬ್ದದ ಜಾಡಿನಲ್ಲಿ ಸಣ್ಣಗೆ ಒಂದು ಹಿಸ್, ಅಂದರೆ ಸುಯ್ಯೆನ್ನುವ ಸದ್ದು, ಇದ್ದೇ ಇರುತ್ತದೆ. ಅದನ್ನು ತೆಗೆಯಲು ಹೊರಟವರು ನಾಯ್ಸ್ ರಿಡಕ್ಷನ್ ಅನ್ನು ಮಿತಿ ಮೀರಿ ಹಾಕಿದಾಗ ಹಿಸ್ಸಿನ ಜೊತೆಗೆ ಉಸಿರು, ಎಲೆಯ ಸರಪರ, ಜೀರುಂಡೆ ಎಲ್ಲ ಹೋಗುತ್ತವೆ. ಕಾರಣ ಸರಳ: ಇವೆಲ್ಲ ಇರುವುದು ಮೇಲಿನ ಕಂಪನಾಂಕಗಳಲ್ಲೇ, ಹಿಸ್ ಇರುವ ಜಾಗದಲ್ಲೇ. ಉಳಿದ ಮಾತು ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಎರಡು ಪ್ರತಿ ಎದುರಿಗಿದ್ದು ಒಂದರಲ್ಲಿ ಹಿಸ್ ಇದೆ, ಇನ್ನೊಂದರಲ್ಲಿ ಇಲ್ಲ ಎಂದಾದರೆ ಹಿಸ್ ಇರುವುದನ್ನೇ ಆರಿಸಿಕೊಳ್ಳಿ.

ಅದೇ ರಾಮಚಂದ್ರ ಅವರ ಕ್ಯಾಮೆರಾ ‘ಮಾಲ್ಗುಡಿ ಡೇಸ್’ನಲ್ಲೂ ಇದೆ. ಆರ್.ಕೆ. ನಾರಾಯಣ್ ಅವರ ಕತೆಗಳು, ಶಂಕರ್ ನಾಗ್ ನಿರ್ದೇಶನ, ಟಿ.ಎಸ್. ನರಸಿಂಹನ್ ನಿರ್ಮಾಣ, ಆಗುಂಬೆಯ ಬೀದಿ, ಎಲ್. ವೈದ್ಯನಾಥನ್ ಅವರ ಆ ರಾಗ. ದೂರದರ್ಶನಕ್ಕೆ ಹಿಂದಿಯಲ್ಲಿ ಬಂದದ್ದಾದರೂ ತಂಡ ಬಹುಪಾಲು ನಮ್ಮದೇ. ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್.

ಎಲ್ಲರೂ ಸ್ವಾಮಿಯ ಕಂತುಗಳನ್ನು ಹೊಗಳುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಸಲಕ್ಕೆ ಒಂದೇ ಕಂತು ನೋಡುವುದಾದರೆ ನನ್ನ ಆಯ್ಕೆ ‘ದಿ ಮಿಸ್ಸಿಂಗ್ ಮೇಲ್’. ಅಂಚೆಯ ತಾನಪ್ಪ ಊರಿನ ಪ್ರತಿ ಮನೆಯ ಕಷ್ಟಸುಖ ಬಲ್ಲವನು. ಒಂದು ಮನೆಯ ಮದುವೆ ನಿಲ್ಲಬಾರದೆಂದು ಸಾವಿನ ಸುದ್ದಿಯನ್ನು ತನ್ನಲ್ಲೇ ಇಟ್ಟುಕೊಂಡು, ಮದುವೆ ಮುಗಿದ ಮೇಲೆ ತಂದು ಒಪ್ಪಿಸುತ್ತಾನೆ. ಕೆಲಸದ ನಿಯಮಕ್ಕೂ ಊರಿನ ಋಣಕ್ಕೂ ನಡುವಿನ ಈ ಜಗ್ಗಾಟವನ್ನು ಅಳು, ಅಬ್ಬರವಿಲ್ಲದೆ ಅರ್ಧ ಗಂಟೆಯೊಳಗೆ ಹೇಳುವುದು ಹೇಗೆಂದು ಧಾರಾವಾಹಿ ಬರೆಯುವವರು ಇದರಿಂದ ಕಲಿಯಬೇಕು. ತಾನಪ್ಪ ಬಾಗಿಲಿಗೆ ಬಂದನೆಂದರೆ ಮಾತು ಶುರುವಾಗುತ್ತದೆ, ಕಾಗದ ಕೊಡುವುದು ಆಮೇಲೆ. ಹಾಗೆ ಬಾಯಿ ತುಂಬ ಮಾತಾಡುವವನು ಒಂದು ದಿನ ಮಾತು ನುಂಗಿಕೊಂಡು ಓಡಾಡುತ್ತಾನಲ್ಲ, ಕತೆಯ ಭಾರವೆಲ್ಲ ಅಲ್ಲಿದೆ. ‘ಫಾರ್ಟಿಫೈವ್ ಎ ಮಂತ್’ ಕೂಡ ಇಷ್ಟೇ ತೂಕದ್ದು: ಅಪ್ಪ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾನೆಂದು ಸಿಂಗರಿಸಿಕೊಂಡು ಕಾಯುವ ಮಗು, ಕಚೇರಿಯಲ್ಲಿ ಸಿಕ್ಕಿಬಿದ್ದ ಅಪ್ಪ, ಕೊನೆಗೆ ಐದು ರೂಪಾಯಿಯ ಬಡ್ತಿ. ನಾರಾಯಣ್ ಬರೆದದ್ದರಲ್ಲೆಲ್ಲ ಇದರಷ್ಟು ಕಹಿಯಾದದ್ದು ಕಡಿಮೆ. ‘ಎಂಜಿನ್ ಟ್ರಬಲ್’ ನಗಿಸುತ್ತದೆ, ನಿಜ. ಆದರೆ ಲಾಟರಿಯಲ್ಲಿ ರೋಡ್ ಎಂಜಿನ್ ಗೆದ್ದವನ ಪಾಡು ಓದುವಾಗಲೇ ಹೆಚ್ಚು ರುಚಿ. ಕಣ್ಣಿಗೆ ಕಂಡಾಗ ಎಂಜಿನ್ ಅಷ್ಟು ದೊಡ್ಡದೆನಿಸುವುದಿಲ್ಲ.

ವೈದ್ಯನಾಥನ್ ಅವರ ರಾಗ ಎಲ್ಲರ ಬಾಯಲ್ಲೂ ಇರುವುದಕ್ಕೆ ಇನ್ನೊಂದು ಕಾರಣ ಅದನ್ನು ಮಿತವಾಗಿ ಬಳಸಿದ್ದು. ಶೀರ್ಷಿಕೆಯಲ್ಲಿ ಬರುತ್ತದೆ, ಹೋಗುತ್ತದೆ. ಒಳಗೆ ಆಗುಂಬೆಗೆ ಜಾಗ ಬಿಡುತ್ತದೆ.

ಇದನ್ನು ನೋಡುವಾಗ ಆಗುವ ಸಾಮಾನ್ಯ ಅನಾಹುತ ಚೌಕಟ್ಟಿನದು. ಧಾರಾವಾಹಿ ಮಾಡಿದ್ದು 4:3 ಆಕಾರದ ಟಿವಿಗೆ. ಈಗಿನ ಟಿವಿ 16:9. ಎಳೆದು ಕೂರಿಸಿದರೆ ಎಲ್ಲವೂ ಮೂರನೇ ಒಂದು ಭಾಗ ಅಗಲವಾಗುತ್ತದೆ; ಸ್ವಾಮಿಯ ಮುಖ ಊದಿಕೊಳ್ಳುತ್ತದೆ, ಗಾಡಿಯ ಚಕ್ರ ಮೊಟ್ಟೆಯಾಗುತ್ತದೆ. ಮೇಲೆ ಕೆಳಗೆ ಕತ್ತರಿಸಿ ಕೂರಿಸಿದರೆ ಚಿತ್ರದ ಕಾಲು ಭಾಗವೇ ಹೋಗುತ್ತದೆ. ನಿಂತವರ ಹಣೆ, ಕೂತವರ ಕೈ ಕಾಣಿಸುವುದಿಲ್ಲ. ಪತ್ತೆ ಮಾಡಲು ತಟ್ಟೆ, ಚಕ್ರ, ಗಡಿಯಾರದಂಥ ದುಂಡನೆಯದೇನಾದರೂ ಬಂದಾಗ ಗಮನಿಸಿ. ಎಳೆದ ಪ್ರತಿಯಾದರೆ ಸರಿಪಡಿಸಬಹುದು: ಟಿವಿಯ ಪಿಕ್ಚರ್ ಸೈಜ್‌ನಲ್ಲಿ 4:3 ಆರಿಸಿ, ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ಬಳಸುವವರು ‘ಎ’ ಕೀಲಿ ಒತ್ತುತ್ತ ಹೋಗಿ. ಕತ್ತರಿಸಿದ ಪ್ರತಿಗೆ ಮದ್ದಿಲ್ಲ, ಬೇರೆ ಪ್ರತಿ ಹುಡುಕಬೇಕು. ಎರಡು ಬದಿ ಕಪ್ಪು ಪಟ್ಟಿ ಬಂದರೆ ಗಾಬರಿ ಬೇಡ, ಅದೇ ಸರಿ.

ಇದೇ ಜಾತಿಯ ಇನ್ನೊಂದು ದೋಷ ವೇಗದ್ದು. ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟು, ನಮ್ಮ ಹಳೆಯ ಟಿವಿ ಪದ್ಧತಿ 25. ಟಿವಿ ಟೇಪಿನಿಂದ ಇಳಿಸಿದ ಹಳೆಯ ಚಿತ್ರ ನೂರಕ್ಕೆ ನಾಲ್ಕು ಪಾಲು ವೇಗವಾಗಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ. ಅದು ಹೋಗಲಿ, ದನಿ ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿನಷ್ಟು ಮೇಲೇರುತ್ತದೆ. ರಾಜ್‌ಕುಮಾರ್ ಅವರ ಮಂದ್ರದ ಘನತೆ, ಉದಯಕುಮಾರ್ ಅವರ ಗುಡುಗು ಎರಡೂ ತೆಳುವಾಗುತ್ತವೆ. ವಿಎಲ್‌ಸಿಯಲ್ಲಿ ವೇಗವನ್ನು 0.96ಕ್ಕೆ ಇಳಿಸಬಹುದು. ಆದರೆ ಅದರ ಆಡಿಯೋ ಆಯ್ಕೆಗಳಲ್ಲಿ ಟೈಮ್ ಸ್ಟ್ರೆಚಿಂಗ್ ಅನ್ನುವುದನ್ನು ಮೊದಲು ಆಫ್ ಮಾಡಬೇಕು. ಅದು ಚಾಲೂ ಇದ್ದರೆ ವೇಗ ಇಳಿದರೂ ಶ್ರುತಿ ಇಳಿಯುವುದಿಲ್ಲ.

ಮಳೆಗೆ ಬರೋಣ. ಮಲೆನಾಡಿನ ಕತೆ ಎಂದ ಮೇಲೆ ಮಳೆ ಇರಲೇಬೇಕು, ಮತ್ತು ಮಳೆಯಷ್ಟು ಶಬ್ದದ ಕೆಲಸ ಕೆಡಿಸುವುದು ಇನ್ನೊಂದಿಲ್ಲ. ಮಳೆಯ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡಿರುವುದರಿಂದ ಮಾತಿನ ಕ, ತ, ಪ, ಸಗಳನ್ನೆಲ್ಲ ಮುಚ್ಚಿಬಿಡುತ್ತದೆ. ಹಾಗಾಗಿ ಹೆಚ್ಚಿನವರು ಮಳೆಯ ದೃಶ್ಯದಲ್ಲಿ ಮಾತು ಶುರುವಾದೊಡನೆ ಮಳೆಯ ಸದ್ದನ್ನು ತಗ್ಗಿಸುತ್ತಾರೆ, ಮಾತು ಮುಗಿದೊಡನೆ ಏರಿಸುತ್ತಾರೆ. ಒಮ್ಮೆ ಇದು ಕಿವಿಗೆ ಬಿತ್ತೆಂದರೆ ಮುಗಿಯಿತು, ಮಳೆ ಮಾತು ಕೇಳುತ್ತ ನಿಂತ ಹಾಗಾಗುತ್ತದೆ. ಎರಡನೆಯ ತಪ್ಪು, ಎಲ್ಲ ಕಡೆಗೂ ಒಂದೇ ಮಳೆ. ಹಂಚಿನ ಮೇಲಿನ ಮಳೆ, ತಗಡಿನ ಮೇಲಿನ ಮಳೆ, ಅಡಿಕೆ ಸೋಗೆಯ ಮೇಲಿನ ಮಳೆ, ತುಂಬಿದ ಗದ್ದೆಯ ಮೇಲಿನ ಮಳೆ ಬೇರೆ ಬೇರೆ. ಒಳಗೆ ಕೂತವರಿಗೆ ಕೇಳುವುದು ಸೂರಿನ ಸದ್ದು ಮತ್ತು ಸೂರಂಚಿನಿಂದ ಅಂಗಳಕ್ಕೆ ಬೀಳುವ ಧಾರೆಯ ಸದ್ದು, ಎರಡು ಪದರ. ಬಾಗಿಲು ತೆರೆದರೆ ಮೂರನೆಯದು ಸೇರುತ್ತದೆ.

ಕಾಸರವಳ್ಳಿಯವರ 2002ರ ‘ದ್ವೀಪ’ದಲ್ಲಿ ಮಳೆಯೇ ಕತೆಯನ್ನು ಮುಂದಕ್ಕೆ ತಳ್ಳುತ್ತದೆ. ನಾ. ಡಿಸೋಜ ಅವರ ಕಿರುಕಾದಂಬರಿಯಿಂದ ಬಂದದ್ದು. ಅಣೆಕಟ್ಟಿನ ನೀರು ಏರುತ್ತಿದೆ, ಊರವರು ಹೊರಟುಹೋಗಿದ್ದಾರೆ, ನಾಗಿ ಮತ್ತು ಗಣಪನ ಮನೆ ಮಾತ್ರ ಉಳಿದಿದೆ. ಸೌಂದರ್ಯ ಅವರ ನಟನೆ, ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೆ ಬಂದ ರಾಷ್ಟ್ರಪ್ರಶಸ್ತಿ, ಇವು ಎಲ್ಲರಿಗೂ ಗೊತ್ತು. ನೀರು ಏರುವ ಭಯವನ್ನು ಕಣ್ಣಿಗೆ ತೋರಿಸುವ ಮೊದಲು ಕಿವಿಗೆ ತಾಗಿಸುವ ರೀತಿಗೆ ಅಷ್ಟು ಮೆಚ್ಚುಗೆ ಸಿಕ್ಕಿಲ್ಲ. ಆದರೂ ಡಬ್ಬಿಂಗ್ ಮಾತಿನ ಅಂಟದ ಗುಣ ಅಲ್ಲಲ್ಲಿ ತಲೆ ಎತ್ತುತ್ತದೆ. ಹೊರಗೆ ಅಷ್ಟು ಜಡಿಮಳೆ, ಒಳಗಿನ ಪಿಸುಮಾತು ಅಷ್ಟು ಸ್ಪಷ್ಟ. ಮಳೆಗಾಲದ ಮನೆಗಳಲ್ಲಿ ಜನ ದನಿ ಏರಿಸಿಯೇ ಮಾತಾಡುತ್ತಾರೆ.

ನಟೇಶ್ ಹೆಗಡೆಯವರ ‘ಪೆದ್ರೊ’ (2021) ಈ ಸಿಕ್ಕನ್ನು ಬೇರೆ ದಾರಿಯಿಂದ ಬಿಡಿಸುತ್ತದೆ: ಮಾತನ್ನೇ ಕಡಿಮೆ ಮಾಡಿ. ವಿದ್ಯುತ್ ಕೆಲಸದ ಪೆದ್ರೊ ಆಗಿ ನಿರ್ದೇಶಕರ ತಂದೆ ಗೋಪಾಲ್ ಹೆಗಡೆ ನಟಿಸಿದ್ದಾರೆ. ಉತ್ತರ ಕನ್ನಡದ ಹಸಿ ಕಾಡು, ದೂರ ನಿಂತು ನೋಡುವ ಕ್ಯಾಮೆರಾ, ಉದ್ದದ ಚಿತ್ರಿಕೆಗಳು. ಜನ ದೂರದಲ್ಲಿದ್ದರೆ ಅವರ ದನಿಯೂ ದೂರದಲ್ಲೇ ಇರುತ್ತದೆ. ಕೆಲವು ಮಾತು ಪೂರ್ತಿ ಕೇಳುವುದೂ ಇಲ್ಲ, ಕೇಳಬೇಕಾಗಿಯೂ ಇಲ್ಲ. ಊರು ಒಬ್ಬನನ್ನು ಸದ್ದಿಲ್ಲದೆ ಹೊರಗಿಡುವುದು ಹೇಗೆಂದು ಹೇಳುವ ಕತೆಗೆ ಇದಕ್ಕಿಂತ ಹೊಂದುವ ಶಬ್ದವಿನ್ಯಾಸ ನನಗೆ ಹೊಳೆಯುವುದಿಲ್ಲ. ಇದನ್ನು ಫೋನಿನ ಸ್ಪೀಕರಿನಲ್ಲಿ ನೋಡಿದವರು ಬೇಸರವಾಯಿತು ಎಂದರೆ ನಂಬುತ್ತೇನೆ. ಅವರಿಗೆ ಸಿಕ್ಕಿದ್ದು ಅರ್ಧ ಚಿತ್ರ. ವೈರಿನ ಹೆಡ್‌ಫೋನ್ ಹಾಕಿ, ಫ್ಯಾನ್ ನಿಲ್ಲಿಸಿ, ರಾತ್ರಿ ನೋಡಬೇಕು.

‘ತಿಥಿ’ಯ ಬಗ್ಗೆ ಸ್ವಲ್ಪ ಉದ್ದ ಬರೆಯಲೇಬೇಕು. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡ ಅವರ ಬರವಣಿಗೆ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲು, ನಟನೆ ಕಲಿಯದ ಹಳ್ಳಿಯ ಜನ. 2015ರಲ್ಲಿ ಲೊಕಾರ್ನೊದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದು, ಮರುವರ್ಷ ಇಲ್ಲಿ ತೆರೆಕಂಡಿತು. ಶುರುವಿನಲ್ಲೇ 101 ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ. ಎದ್ದು ಮೂತ್ರಕ್ಕೆ ಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಹಿನ್ನೆಲೆ ಸಂಗೀತವಿಲ್ಲದ ಚಿತ್ರ ಇದು. ಸಾವು ಬಂದಾಗ ನಮಗೆ ಹೇಗನಿಸಬೇಕೆಂದು ಯಾವ ಪಿಟೀಲೂ ಹೇಳಿಕೊಡುವುದಿಲ್ಲ. ಆಮೇಲಿನ ಹನ್ನೊಂದು ದಿನ ಮೊಮ್ಮಗ ತಮ್ಮಣ್ಣ ಜಮೀನಿನ ಕಾಗದಕ್ಕೆ ಓಡಾಡುತ್ತಾನೆ, ಮಗ ಗಡ್ಡಪ್ಪ ಬ್ರಾಂದಿ ಬಾಟಲಿ ಜೇಬಿಗಿಟ್ಟು ಹೊಲದ ಬದುವಿನಲ್ಲಿ ಅಲೆಯುತ್ತಾನೆ, ಮರಿಮಗ ಅಭಿ ಕುರಿಗಾಹಿ ಹುಡುಗಿಯ ಹಿಂದೆ ಬೀಳುತ್ತಾನೆ. ಮೂರು ತಲೆಮಾರಿನ ಮೂರು ನಡಿಗೆ, ಮೂರು ವೇಗ.

ಚಿತ್ರೀಕರಣದ ಜಾಗದಲ್ಲೇ ಮಾತು ಮುದ್ರಿಸುವುದನ್ನು ಸಿಂಕ್ ಸೌಂಡ್ ಎನ್ನುತ್ತಾರೆ. ಹಳ್ಳಿಯಲ್ಲಿ ಇದನ್ನು ಮಾಡುವುದು ಸುಲಭವಲ್ಲ. ಉದ್ದನೆಯ ಕೋಲಿನ ತುದಿಯ ಬೂಮ್ ಮೈಕನ್ನು ಚೌಕಟ್ಟಿಗೆ ಕಾಣದ ಹಾಗೆ ತಲೆಯ ಮೇಲೆ ಹಿಡಿಯಬೇಕು. ದೂರದ ಚಿತ್ರಿಕೆಯಾದರೆ ಬೂಮ್ ಹತ್ತಿರ ಬರಲಾಗದು, ಆಗ ಅಂಗಿಯೊಳಗೆ ಲೇಪಲ್ ಮೈಕು ಸಿಗಿಸಬೇಕು. ಪಂಚೆ, ಟವಲು ಅದಕ್ಕೆ ಉಜ್ಜಿದರೆ ಟೇಕ್ ಹಾಳು. ಜನರೇಟರನ್ನು ನೂರಾರು ಅಡಿ ದೂರ ಇಡಬೇಕು. ಪಂಪ್‌ಸೆಟ್, ಟ್ರ್ಯಾಕ್ಟರ್, ದೇವಸ್ಥಾನದ ಮೈಕು ಮಧ್ಯೆ ಬರುತ್ತವೆ. ಇವುಗಳಿಗಿಂತ ತಲೆನೋವು ಹಕ್ಕಿ ಮತ್ತು ಜೀರುಂಡೆ: ಒಂದು ಟೇಕಿನಲ್ಲಿ ಜೀರುಂಡೆ ಕೂಗುತ್ತಿದ್ದು ಮುಂದಿನ ಟೇಕಿನಲ್ಲಿ ನಿಂತಿದ್ದರೆ, ಎರಡನ್ನೂ ಜೋಡಿಸಿದಾಗ ಕತ್ತರಿ ಬಿದ್ದ ಜಾಗ ಕಿವಿಗೆ ಚುಚ್ಚುತ್ತದೆ. ಅದಕ್ಕಾಗಿಯೇ ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಅರ್ಧದಿಂದ ಒಂದು ನಿಮಿಷ ಆ ಜಾಗದ ಬರೀ ಮೌನವನ್ನು ಮುದ್ರಿಸಿಕೊಳ್ಳುತ್ತಾರೆ. ಜೋಡಣೆಯ ಬಿರುಕಿಗೆ ಆ ಮೌನವನ್ನೇ ಹಚ್ಚಿ ಮುಚ್ಚುವುದು.

ರಾತ್ರಿ ಕುರಿಗಾಹಿಗಳ ಜೊತೆ ಕೂತು ಗಡ್ಡಪ್ಪ ತನ್ನ ಬಾಳಿನ ಕತೆ ಹೇಳುವ ದೃಶ್ಯವನ್ನು ಬೇರೆಯಾಗಿಯೇ ಮತ್ತೊಮ್ಮೆ ನೋಡಿ. ಅಲ್ಲಿಯವರೆಗೆ ಹೆಚ್ಚು ಮಾತಾಡದವನು, ಮಾತಿಗೆ ಸಿಗದವನು. ಕತೆ ಹೇಳುವಾಗ ದನಿ ಏರುವುದಿಲ್ಲ, ಅಳು ಬರುವುದಿಲ್ಲ. ದಿನದ ಲೆಕ್ಕ ಒಪ್ಪಿಸಿದಷ್ಟು ಸಲೀಸು. ಸ್ಟುಡಿಯೋದಲ್ಲಿ ಕೂರಿಸಿ ಮತ್ತೆ ಹೇಳಿಸಿದ್ದರೆ ಈ ಉಸಿರು, ಈ ತಡೆ, ಪದಗಳ ನಡುವಿನ ಈ ಅಂತರ ಬರುತ್ತಿರಲಿಲ್ಲ. ನಟನೆ ಕಲಿಯದವರನ್ನು ಹಾಕಿಕೊಂಡು ಡಬ್ಬಿಂಗ್ ಮಾಡಿದ ಚಿತ್ರಗಳು ಸೋಲುವುದು ಇಲ್ಲೇ: ಮುಖ ಅವರದು, ಉಸಿರು ಬೇರೆಯದು. ‘ತಿಥಿ’ಯನ್ನು ಬರೀ ಹಾಸ್ಯಚಿತ್ರವೆಂದು ಹಂಚಿಕೊಳ್ಳುವ ತುಣುಕುಗಳಲ್ಲಿ ಬೈಗುಳ ಮಾತ್ರ ಇರುತ್ತದೆ. ಈ ದೃಶ್ಯ ಇಲ್ಲದ ‘ತಿಥಿ’ ತಿಥಿಯೇ ಅಲ್ಲ.

ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ (1985) ಮತ್ತು ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ (2023) ಚಿತ್ರಗಳನ್ನು ಒಟ್ಟಿಗೆ ನೋಡಿ ಎಂದು ಯಾರಿಗಾದರೂ ಹೇಳಿದರೆ ಮೊದಲು ವಿಚಿತ್ರವೆನಿಸಬಹುದು. ಎರಡರ ಬೇರೂ ಒಂದೇ: ದುಡ್ಡಿದ್ದವರ ಮಗ ಓಡಿಸಿದ ಕಾರು, ಬೀದಿಯಲ್ಲಿ ಸತ್ತವರು, ಅದನ್ನು ಮುಚ್ಚಿಹಾಕಲು ಹೊರಟ ಹಣ. ಮೊದಲನೆಯದು ಆ ಹಣದ ಹಿಂದೆ ಹೋಗುತ್ತದೆ, ಎರಡನೆಯದು ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡ ಡ್ರೈವರ್ ಮನು ಮತ್ತು ಅವನ ಪ್ರಿಯಾಳ ಹಿಂದೆ. ‘ಆಕ್ಸಿಡೆಂಟ್’ನಲ್ಲಿ ಹಾಡಿಲ್ಲ. ಆ ಕಾಲಕ್ಕೆ ಅದು ದೊಡ್ಡ ಧೈರ್ಯ. ಇಳಯರಾಜಾ ಅವರ ಹಿನ್ನೆಲೆ ಸಂಗೀತ ಸಿಟ್ಟನ್ನು ಕುದಿಯಲು ಬಿಡದೆ ಬಿಸಿಯಾಗಿಯೇ ಇಟ್ಟಿರುತ್ತದೆ. ಧರ್ಮಾಧಿಕಾರಿಯಾಗಿ ಅನಂತ್ ನಾಗ್ ಅವರ ದನಿಯನ್ನು ಗಮನಿಸಿ: ಕೂಗಾಟ ಬಹಳ ಕಡಿಮೆ, ಅಧಿಕಾರ ಇರುವುದು ತಗ್ಗಿದ ಮಾತಿನಲ್ಲಿ. ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದ ಅಣ್ಣತಮ್ಮಂದಿರಿಗೆ ದನಿಯ ಬೆಲೆ ಗೊತ್ತಿತ್ತು.

‘ಸಪ್ತ ಸಾಗರ’ದ ಸೈಡ್ ಎ ಭಾಗದಲ್ಲಿ ಪ್ರಿಯಾ ತನ್ನ ದನಿಯನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಜೈಲಿನ ಮನುವಿಗೆ ತಲುಪಿಸುತ್ತಾಳೆ. ಕಾಣಲಾಗದವರಿಗೆ ಉಳಿಯುವುದು ದನಿ ಮಾತ್ರ ಎಂಬುದನ್ನು ಚಿತ್ರ ಮಾತಿನಲ್ಲಿ ವಿವರಿಸದೆ ಟೇಪಿನ ಮೂಲಕ ಮಾಡಿ ತೋರಿಸುತ್ತದೆ. ಆದ್ದರಿಂದಲೇ ಸೈಡ್ ಎ ನನಗೆ ಇತ್ತೀಚಿನ ವರ್ಷಗಳ ಅತ್ಯುತ್ತಮ ಕನ್ನಡ ಪ್ರೇಮಚಿತ್ರ. ಸೈಡ್ ಬಿ ಅಷ್ಟು ನಿಲ್ಲುವುದಿಲ್ಲ. ಚರಣ್ ರಾಜ್ ಅವರ ಸಂಗೀತ ಚೆನ್ನಾಗಿಯೇ ಇದೆ, ಆದರೆ ಮನುವಿನ ಮೌನದ ಮೇಲೆಲ್ಲ ಅದು ಹಾಸಿಕೊಂಡಿದೆ. ರಕ್ಷಿತ್ ಶೆಟ್ಟಿಯವರ ಮುಖ ಹೇಳುತ್ತಿರುವುದನ್ನು ಸಂಗೀತ ಎರಡನೆಯ ಸಲ ಹೇಳುತ್ತದೆ.

ರಕ್ಷಿತ್ ಅವರೇ ನಿರ್ದೇಶಿಸಿದ ‘ಉಳಿದವರು ಕಂಡಂತೆ’ (2014) ಬಿಡುಗಡೆಯಾದಾಗ ತಲೆಬುಡ ತಿಳಿಯುವುದಿಲ್ಲ ಎಂದವರು ಬಹಳ. ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿನಿಂದ ಅಧ್ಯಾಯಗಳಾಗಿ ಹೇಳುವ ಚಿತ್ರ. ಮಲ್ಪೆಯ ಕಡಲು, ಅಷ್ಟಮಿಯ ಗೌಜು, ಹುಲಿವೇಷದ ತಾಸೆ ವಾದ್ಯ. ಇಲ್ಲಿಯೂ ಜಾಗದಲ್ಲೇ ಮುದ್ರಿಸಿದ ಮಾತು. ಕರಾವಳಿಯ ಕನ್ನಡದ ಏರಿಳಿತ ಅದರಿಂದಲೇ ಉಳಿದಿದೆ. ಮೊದಲ ಸಲ ನೋಡುವವರು ಕತೆಯನ್ನು ಕೂಡಿಸಲು ಒದ್ದಾಡುವುದಕ್ಕಿಂತ ರತ್ನಕ್ಕ, ಬಾಲು, ಮುನ್ನ ಇವರ ಅಧ್ಯಾಯಗಳನ್ನು ಬಿಡಿ ಕತೆಗಳ ಹಾಗೆ ನೋಡಲಿ. ರಿಚ್ಚಿಯ ಗತ್ತಿಗಿಂತ ಮುನ್ನನ ಅಧ್ಯಾಯವೇ ಮೇಲು ಎಂಬುದು ನನ್ನ ಅಭಿಪ್ರಾಯ. ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ದಲ್ಲಿ (2021) ಕೊಲೆಯ ನಂತರ ಶಿವ ಹುಲಿಕುಣಿತದ ಹೆಜ್ಜೆ ಹಾಕುವ ದೃಶ್ಯ ಇದೇ ಕರಾವಳಿಯ ಲಯದಿಂದ ಹುಟ್ಟಿದ್ದು. ಅದಕ್ಕೆ ಹೆಚ್ಚು ವಿವರಣೆ ಬೇಡ, ನೋಡಿ ಸಾಕು.

‘ಕಾಂತಾರ’ (2022) ಮಾತ್ರ ಮನೆಯಲ್ಲಿ ನೋಡಿ ತೀರ್ಪು ಕೊಡಬಾರದ ಚಿತ್ರ. ಕೊನೆಯ ಆ ‘ಓ’ ಎಂಬ ಕೂಗು ಥಿಯೇಟರಿನಲ್ಲಿ ಎದೆಗೆ ತಟ್ಟುವುದಕ್ಕೆ ಕಾರಣ ಬರೀ ಜೋರಲ್ಲ, ಅದರ ಹಿಂದಿನ ತಗ್ಗು. ಮೆಲ್ಲನೆಯ ಸದ್ದಿಗೂ ಜೋರಿನ ಸದ್ದಿಗೂ ನಡುವೆ ಅಂತರ ಇದ್ದಷ್ಟೂ ಪೆಟ್ಟು ಹೆಚ್ಚು. ಟಿವಿ ವಾಹಿನಿಯಲ್ಲಿ ಆ ಅಂತರವನ್ನು ಹಿಸುಕಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರುತ್ತಾರೆ. ಕೂಗು ಜಾಹೀರಾತಿನಷ್ಟೇ ಜೋರು. ಜೊತೆಗೆ 5.1ರ (ಐದು ಸ್ಪೀಕರು, ಒಂದು ಸಬ್‌ವೂಫರಿನ) ಶಬ್ದವನ್ನು ಎರಡು ಸ್ಪೀಕರಿಗೆ ಇಳಿಸುವಾಗ ಸಬ್‌ವೂಫರಿನ ಜಾಡನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ, ಹಾಗಾಗಿ ತಳದ ಗುಡುಗು ಹೋಗುತ್ತದೆ. ಮಾತು ಇರುವುದು ನಡುವಿನ ಜಾಡಿನಲ್ಲಿ. ಅದರ ಮೇಲೆ ಸುತ್ತಲಿನ ಜಾಡುಗಳನ್ನೂ ಸುರಿದಾಗ ಮಾತು ಮುಳುಗುತ್ತದೆ. ಮಾತಿಗೆಂದು ವಾಲ್ಯೂಮ್ ಏರಿಸುವುದು, ಹೊಡೆದಾಟಕ್ಕೆಂದು ಇಳಿಸುವುದು, ರಿಮೋಟ್ ಹಿಡಿದೇ ಸಿನಿಮಾ ಮುಗಿಯುವುದು ಇದರಿಂದ. ಚಿತ್ರದ ಬಗ್ಗೆ ಒಂದು ಮಾತು: ಕೋಲದ ದೃಶ್ಯಗಳಲ್ಲಿರುವ ಸಂಯಮ ಮೊದಲರ್ಧದ ತಮಾಷೆಯ ದೃಶ್ಯಗಳಲ್ಲಿಲ್ಲ. ಅಲ್ಲಿ ನಗಿಸುವ ಸಂಗೀತವನ್ನು ಕಳಚಿದ್ದರೆ ಜನ ಇನ್ನೂ ಹೆಚ್ಚು ನಗುತ್ತಿದ್ದರು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಓಟಿಟಿಯಲ್ಲಿ 5.1 ಮತ್ತು ಸ್ಟೀರಿಯೋ ಎರಡೂ ಇದ್ದು ನಿಮ್ಮದು ಟಿವಿಯ ಒಳಗಿನ ಸ್ಪೀಕರ್ ಆಗಿದ್ದರೆ ಸ್ಟೀರಿಯೋ ಆರಿಸಿ. ಸೌಂಡ್‌ಬಾರ್‌ನಲ್ಲಿ ನಡುವಿನ ಸ್ಪೀಕರಿಗೆ ಬೇರೆ ಮಟ್ಟವಿದ್ದರೆ ಎರಡು ಮೂರು ಡೆಸಿಬೆಲ್ ಏರಿಸಿ. ಮಾತು ಸ್ಪಷ್ಟ ಮಾಡುವ ಮೋಡ್ ಧಾರಾವಾಹಿಗೆ ಸರಿ, ‘ತಿಥಿ’ಗೂ ‘ಪೆದ್ರೊ’ಗೂ ಬೇಡ, ಅದು ಮಾತಿನ ಸುತ್ತಲಿನ ಊರನ್ನೇ ಅಳಿಸುತ್ತದೆ. ಬ್ಲೂಟೂತಿನಲ್ಲಿ ಶಬ್ದ ತಡವಾಗಿ ಬರುವುದು ಸಾಮಾನ್ಯ. ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ತಡವಾದರೆ ಹೆಚ್ಚಿನವರಿಗೆ ಗೊತ್ತಾಗಿಬಿಡುತ್ತದೆ. ತಪ್ಪು ಚಿತ್ರದ್ದೋ ಸಾಧನದ್ದೋ ಎಂದು ತಿಳಿಯಬೇಕಾದರೆ ಬಾಗಿಲು ಬಡಿಯುವ, ಕಾಯಿ ಒಡೆಯುವ, ಚಪ್ಪಾಳೆ ತಟ್ಟುವ ಜಾಗಗಳನ್ನು ನೋಡಿ. ಎಲ್ಲ ಕಡೆಯೂ ಒಂದೇ ಅಳತೆಯಲ್ಲಿ ತಡವಾದರೆ ಸಾಧನ, ಕೆಲವು ತುಟಿ ಮಾತ್ರ ತಪ್ಪಿದರೆ ಡಬ್ಬಿಂಗ್. ಸಾಧನದ ತಪ್ಪಾದರೆ ವೈರ್ ಹಾಕಿ. ಅದಾಗದಿದ್ದರೆ ವಿಎಲ್‌ಸಿಯಲ್ಲಿ ‘ಜೆ’ ಒತ್ತಿ, ಪ್ರತಿ ಒತ್ತಿಗೂ ಶಬ್ದ 50 ಮಿಲಿಸೆಕೆಂಡ್ ಮುಂದೆ ಬರುತ್ತದೆ. ‘ಕೆ’ ಒತ್ತಿದರೆ ಹಿಂದೆ ಸರಿಯುತ್ತದೆ.

ಇನ್ನು ಧಾರಾವಾಹಿಗಳು. ದಿನಕ್ಕೊಂದು ಕಂತು ಕೊಡಬೇಕಾದ ಕಡೆ ಶಬ್ದಕ್ಕೆ ಸಮಯವೇ ಇಲ್ಲ. ಸೆಟ್ಟಿನ ಪ್ಲೈವುಡ್ ಗೋಡೆ ಮಾತನ್ನು ಮಾರ್ದನಿಸುತ್ತದೆ, ಅದನ್ನು ಮುಚ್ಚಲು ಸಂಗೀತ, ಸಂಗೀತವನ್ನು ಮೀರಲು ನಟರ ಕಿರುಚಾಟ. ಒಬ್ಬರು ಏನೋ ಅಂದೊಡನೆ ಕೂತವರೆಲ್ಲರ ಮುಖಕ್ಕೂ ಸರದಿಯಲ್ಲಿ ಜೂಮ್, ಪ್ರತಿ ಮುಖಕ್ಕೂ ಒಂದು ಸಿಡಿಲು. ಇದರಲ್ಲಿ ದುಡಿಯುವ ನಟರು ಎಷ್ಟು ಒಳ್ಳೆಯವರಿದ್ದಾರೆ ಎಂಬುದು ಅವರು ರಂಗದ ಮೇಲೆ ಬಂದಾಗ ತಿಳಿಯುತ್ತದೆ, ಆಗ ನಿಜಕ್ಕೂ ಸಂಕಟವಾಗುತ್ತದೆ.

ಹೀಗೇ ಆಗಬೇಕೆಂದೇನೂ ಇಲ್ಲ ಎಂಬುದಕ್ಕೆ 1998ರಲ್ಲಿ ಚಂದನದಲ್ಲಿ ಬಂದ ಟಿ.ಎನ್. ಸೀತಾರಾಂ ಅವರ ‘ಮಾಯಾಮೃಗ’ ಇದೆ. ಮಧ್ಯಮ ವರ್ಗದ ಮನೆಗಳು, ಸಾಲ, ನೌಕರಿ, ಮುರಿದ ಮಾತು. ಜನ ಎದುರುಬದುರು ಕೂತು ಸಹಜವಾದ ದನಿಯಲ್ಲಿ ಮಾತಾಡುತ್ತಾರೆ, ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳುವ ಮುಖಕ್ಕೆ ಅವರಷ್ಟು ಸಮಯ ಕೊಟ್ಟವರು ನಮ್ಮ ಕಿರುತೆರೆಯಲ್ಲಿ ಕಡಿಮೆ. ಮುಂದೆ ‘ಮುಕ್ತ’ದ ವಕೀಲ ಸಿಎಸ್‌ಪಿಯಾಗಿ ಅವರೇ ನಿಂತಾಗಲೂ ಅಷ್ಟೇ: ಪಾಟೀಸವಾಲಿನ ಬಿಗಿ ಇರುವುದು ಪ್ರಶ್ನೆಯಲ್ಲಲ್ಲ, ಪ್ರಶ್ನೆಗೂ ಉತ್ತರಕ್ಕೂ ನಡುವೆ ಬಿಟ್ಟ ಎರಡು ಮೂರು ಸೆಕೆಂಡಿನಲ್ಲಿ. ಕೋರ್ಟ್ ದೃಶ್ಯ ಬರೆಯುವವರು, ಅದನ್ನು ಎಡಿಟ್ ಮಾಡುವವರು ಆ ಸೆಕೆಂಡುಗಳನ್ನು ಗಡಿಯಾರ ಹಿಡಿದು ಅಳೆದು ನೋಡಲಿ. ಕಂತಿನ ಸಮಯ ಮೀರಿತೆಂದು ಎಡಿಟರ್ ಮೊದಲು ಕತ್ತರಿ ಹಾಕುವುದು ಆ ಮೌನಕ್ಕೇ. ಕತ್ತರಿಸಬೇಕಾದದ್ದು ಕಂತಿನ ಶುರುವಿನಲ್ಲಿ ಬರುವ ಹಿಂದಿನ ದಿನದ ಪುನರಾವರ್ತನೆಯನ್ನು.